ಮಿತ್ರಕೀಟಕ್ಕೂ ತಳಿ ಬೇಡವೇ?

ಜಾತ್ರೆಯಲ್ಲಿ ಹೋರಿ ಕೊಳ್ಳುವ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ, ಗೊರಸು, ನಡಿಗೆ. ಅಸಲು ಹಳ್ಳಿಕಾರೋ ಬೆರಕೆಯೋ ಎಂದು ನಾಲ್ಕು ಜನರನ್ನು ವಿಚಾರಿಸುತ್ತಾನೆ. ಬಿತ್ತನೆ ರಾಗಿ ತರುವಾಗಲೂ ಅಷ್ಟೇ. ಮಳೆ ಯಾವಾಗ ಬಿತ್ತು, ನೆಲ ಎಂಥದು ಎಂದು ಲೆಕ್ಕ ಹಾಕಿ, ಇಂಡಾಫ್ ಬೇಕೋ ಜಿ.ಪಿ.ಯು. 28 ಬೇಕೋ ಎಂದು ತೀರ್ಮಾನಿಸಿಯೇ ಚೀಲಕ್ಕೆ ಕೈ ಹಾಕುತ್ತಾನೆ. ಅದೇ ರೈತ ಕಬ್ಬಿನ ಗದ್ದೆಗೆ ಟ್ರೈಕೋ ಕಾರ್ಡ್ ತರುವಾಗ, ತೆಂಗಿನ ತೋಟಕ್ಕೆ ಪರೋಪಜೀವಿಗಳ ಕೊಳವೆ ತರುವಾಗ, ‘ಎಷ್ಟು ಕೊಟ್ಟಿರಿ?’ ಎಂದು ಮಾತ್ರ ಕೇಳುತ್ತಾನೆ. ‘ಎಂಥದನ್ನು ಕೊಟ್ಟಿರಿ?’ ಎಂದು ಕೇಳುವುದಿಲ್ಲ. ಕೇಳಿದರೂ ಉತ್ತರ ಹೇಳುವವರು ಕಡಿಮೆ. ಕೊಡುವವರೂ ಎಣಿಕೆಯನ್ನೇ ಬರೆದಿಟ್ಟುಕೊಳ್ಳುತ್ತಾರೆ, ತಳಿಯನ್ನಲ್ಲ.

ಹುಳಕ್ಕೆಂಥ ತಳಿ ಎಂದು ನಗುವವರು ಇರಬಹುದು. ಆದರೆ ನಮ್ಮ ರಾಜ್ಯದಲ್ಲಿ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ರೇಷ್ಮೆ ಹುಳವೂ ಒಂದು ಕೀಟವೇ ತಾನೇ? ರಾಮನಗರ, ಕೋಲಾರ, ಮಂಡ್ಯದ ಕಡೆ ಹುಳ ಸಾಕುವ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಾಳೆ: ಮೈಸೂರು ತಳಿ ಸೆಖೆಗೂ ಜಗ್ಗದು, ಒರಟು ಸೊಪ್ಪಿಗೂ ಜಗ್ಗದು, ಆದರೆ ಗೂಡಿನಲ್ಲಿ ನೂಲು ಕಡಿಮೆ, ದ್ವಿತಳಿಯಲ್ಲಿ ನೂಲು ಹೆಚ್ಚು, ಹುಳ ಮಾತ್ರ ನಾಜೂಕು. ಎರಡರ ಗುಣವನ್ನೂ ಪಡೆಯಲೆಂದು ಮಿಶ್ರತಳಿ ಬಂತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಕೊಟ್ಟ ಸಿ.ಎಸ್.ಆರ್. ತಳಿಗಳ ಹೆಸರು ಅಕ್ಷರ ಬಾರದ ಸಾಕಣೆದಾರರ ಬಾಯಲ್ಲೂ ಇದೆ. ಮೊಟ್ಟೆ ಮನೆಗೆ ಬರುವ ಮೊದಲು ತಾಯಿ ಚಿಟ್ಟೆಯನ್ನು ಅರೆದು, ಪೆಬ್ರಿನ್ ರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿರುತ್ತಾರೆ. ಬಿತ್ತನೆ ಮೊಟ್ಟೆಯನ್ನು ಬೇಕಾದವರು ಬೇಕಾದಂತೆ ತಯಾರಿಸಿ ಮಾರುವಂತಿಲ್ಲ. ಅದಕ್ಕೆ 1959ರಷ್ಟು ಹಿಂದೆಯೇ ರಾಜ್ಯದ ಕಾನೂನು ಬಂದಿದೆ. ನೂಲು ಕೊಡುವ ಹುಳಕ್ಕೆ ಇಷ್ಟು ಉಪಚಾರ ಉಂಟು. ಬೆಳೆ ಕಾಯುವ ಹುಳಕ್ಕೆ ಏಕಿಲ್ಲ?

ಟ್ರೈಕೋಗ್ರಾಮ ಎಂಬ ಕಣಜದ ವಿಷಯವನ್ನೇ ತೆಗೆದುಕೊಳ್ಳೋಣ. ಕಣಜ ಎಂದರೆ ಕಡಿಯುವ ಕಣಜವೆಂದು ಹೆದರಬೇಡಿ. ಇದರ ಉದ್ದ ಅರ್ಧ ಮಿಲಿಮೀಟರು. ಸಾಸಿವೆ ಕಾಳು ಇದರ ಮುಂದೆ ಬಂಡೆ. ಕಬ್ಬಿನ ಕೊರೆಯುವ ಹುಳುವಿನ ಪತಂಗ ಎಲೆಯ ಮೇಲೆ ಮೊಟ್ಟೆ ಇಟ್ಟರೆ, ಇದು ಹುಡುಕಿಕೊಂಡು ಹೋಗಿ ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳು ಹುಟ್ಟುವ ಬದಲು ಅಲ್ಲಿಂದ ಕಣಜ ಹುಟ್ಟಿ ಬರುತ್ತದೆ. ಹುಳು ಹುಟ್ಟಿ ಸುಳಿ ಕೊರೆದ ಮೇಲೆ ಔಷಧಿ ಹೊಡೆಯುವುದಕ್ಕೂ, ಹುಟ್ಟುವ ಮೊದಲೇ ಕಥೆ ಮುಗಿಸುವುದಕ್ಕೂ ಎಷ್ಟು ವ್ಯತ್ಯಾಸವೆಂದು ಕಬ್ಬು ಬೆಳೆದವರಿಗೆ ಹೇಳಬೇಕಿಲ್ಲ.

ಇದನ್ನು ಬೆಳೆಸುವುದು ಅಕ್ಕಿ ಪತಂಗದ ಮೊಟ್ಟೆಗಳ ಮೇಲೆ. ಧಾನ್ಯದ ನುಚ್ಚಿನ ತಟ್ಟೆಗಳಲ್ಲಿ ಪತಂಗ ಸಾಕಿ, ಮೊಟ್ಟೆ ಶೋಧಿಸಿ, ಅಂಟು ಬಳಿದ ಕಾಗದದ ಮೇಲೆ ಉದುರಿಸಿ, ಒಳಗಿನ ಮರಿ ಸಾಯುವಂತೆ ಅತಿನೇರಳೆ ಬೆಳಕಿನಲ್ಲಿಟ್ಟು, ನಂತರ ಕಣಜಗಳಿಗೆ ಒಡ್ಡುತ್ತಾರೆ. ಒಂದು ಸಿ.ಸಿ. ಅಳತೆಯ ಕಾರ್ಡಿನಲ್ಲಿ 18ರಿಂದ 20 ಸಾವಿರ ಮೊಟ್ಟೆಗಳಿರುತ್ತವೆ. ಪರೋಪಜೀವಿ ಸೇರಿದ ಮೊಟ್ಟೆ ಮೂರು ನಾಲ್ಕು ದಿನಗಳಲ್ಲಿ ಕಪ್ಪಾಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಏಳೆಂಟು ದಿನಕ್ಕೆ ಕಣಜ ಹೊರಬರುತ್ತದೆ. ಹೆಕ್ಟೇರಿಗೆ 50 ಸಾವಿರ ಎಂದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಬಿಡಿ ಎನ್ನುವುದು ಸಾಮಾನ್ಯ ಶಿಫಾರಸು.

ಈಗ ಒಂದು ಲೆಕ್ಕ ಹಾಕಿ. ಒಂಬತ್ತು ದಿನಕ್ಕೊಂದು ತಲೆಮಾರು ಎಂದರೆ ವರ್ಷಕ್ಕೆ ಸುಮಾರು 40 ತಲೆಮಾರು. ನಮ್ಮ ವಂಶದಲ್ಲಿ 40 ತಲೆಮಾರು ಹಿಂದೆ ಹೋದರೆ ಹೊಯ್ಸಳರಿಗಿಂತಲೂ ಹಿಂದಿನ ಕಾಲ ಸಿಗುತ್ತದೆ. ಅಷ್ಟು ತಲೆಮಾರುಗಳನ್ನು ಈ ಕಣಜ ಒಂದೇ ವರ್ಷದಲ್ಲಿ ಗಾಜಿನ ಕೊಳವೆಯೊಳಗೆ ಕಳೆಯುತ್ತದೆ. ಅಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ, ಇರುವೆಯಿಲ್ಲ. ಹುಡುಕುವ ಕೆಲಸವಂತೂ ಇಲ್ಲವೇ ಇಲ್ಲ, ಕಾಲಿಟ್ಟಲ್ಲೆಲ್ಲ ಮೊಟ್ಟೆ. ಅಲ್ಲಿ ಹೆಚ್ಚು ಸಂತಾನ ಪಡೆಯುವುದು ಯಾವ ಕಣಜ? ಓಡಾಡುವುದಲ್ಲ, ಕುಳಿತಲ್ಲೇ ಕುಳಿತು ಮೊಟ್ಟೆ ಇಡುವುದು. ನಾವು ತಳಿ ಆರಿಸುತ್ತಿಲ್ಲ ಎಂದುಕೊಂಡಿದ್ದೇವೆ. ಆದರೆ ಕೊಳವೆಯೊಳಗೆ ಆಯ್ಕೆ ತನ್ನಷ್ಟಕ್ಕೆ ನಡೆದೇ ಇದೆ. ಅದು ಗದ್ದೆಗೆ ಬೇಕಾದ ಆಯ್ಕೆಯಲ್ಲ, ಕೊಳವೆಗೆ ಬೇಕಾದ ಆಯ್ಕೆ. ಹಟ್ಟಿಯಲ್ಲೇ ಮೇದು ಬೆಳೆದ ಎತ್ತನ್ನು ಒಮ್ಮೆಗೇ ನೇಗಿಲಿಗೆ ಕಟ್ಟಿದರೆ ಏನಾದೀತೋ ಇಲ್ಲಿಯೂ ಅದೇ ಆಗುತ್ತದೆ.

ಇದು ಬರೀ ನನ್ನ ಊಹೆಯಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಮುಸುಕಿನ ಜೋಳದ ಕಾಂಡಕೊರಕಕ್ಕೆ ಇದೇ ಜಾತಿಯ ಕಣಜಗಳನ್ನು ಬಿಡುತ್ತಿದ್ದವರಿಗೆ, ಹಿಟ್ಟಿನ ಪತಂಗದ ಮೊಟ್ಟೆಯ ಮೇಲೆ ಬಹಳ ತಲೆಮಾರು ಬೆಳೆಸಿದ ಕಣಜಗಳು ಹೊಲದಲ್ಲಿ ಸೋಲುತ್ತಿರುವುದು ಕಂಡುಬಂತು. 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಕಣಜ ಎಷ್ಟು ವೇಗವಾಗಿ ನಡೆಯುತ್ತದೆ ಎಂಬುದನ್ನೇ ಅಳೆಯತೊಡಗಿದರು. ಅರ್ಧ ಮಿಲಿಮೀಟರಿನ ಪ್ರಾಣಿಯ ನಡಿಗೆ! ಹೋರಿಯ ನಡಿಗೆ ನೋಡುವ ನಮ್ಮವರಿಗೆ ಇದು ವಿಚಿತ್ರವೆನಿಸಬಾರದು. ಸಾಕಣೆಯ ಕಣಜಗಳನ್ನು ಆಗಾಗ ನಿಜವಾದ ಕೊರಕದ ಮೊಟ್ಟೆಗಳ ಮೇಲೆ ಬೆಳೆಸಿ ತರುವುದು ಅಲ್ಲಿ ಪದ್ಧತಿಯಾಯಿತು.

ಇನ್ನೂ ಒಂದು ತೊಡಕಿದೆ. ಕಣಜಗಳಲ್ಲಿ ಗಂಡಿನ ಸಂಗವಾಗದೆ ಇಟ್ಟ ಮೊಟ್ಟೆ ಗಂಡಾಗುತ್ತದೆ, ಸಂಗವಾದ ಮೇಲೆ ಇಟ್ಟದ್ದು ಹೆಣ್ಣಾಗುತ್ತದೆ. ಬೆಳೆ ಕಾಯುವುದು ಹೆಣ್ಣು. ಕಾರ್ಡಿನ ತುಂಬ ಗಂಡೇ ಹೊರಬಂದರೆ ಎಣಿಕೆ ಪೂರ್ತಿ ಇರುತ್ತದೆ, ಕೆಲಸ ಮಾತ್ರ ಸೊನ್ನೆ. ಒಂದೇ ಮನೆತನದೊಳಗೆ ಕೂಡಿಕೆ ಹೆಚ್ಚಾದರೆ ಕೆಲವು ಜಾತಿಯ ಕಣಜಗಳಲ್ಲಿ ಕೆಲಸಕ್ಕೆ ಬಾರದ ಗಂಡುಗಳೇ ಹೆಚ್ಚುತ್ತವೆ. ಮನೆಯ ಹೋರಿಯಿಂದಲೇ ಮನೆಯ ಕಡಸನ್ನು ಕಟ್ಟಿಸಬಾರದೆಂಬ ಹಿರಿಯರ ಮಾತು ಹಟ್ಟಿಗೆ ಮಾತ್ರ ಅಲ್ಲ.

ತೆಂಗಿನ ನಾಡಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಕಪ್ಪುತಲೆ ಹುಳು ಬಿದ್ದ ತೋಟ ದೂರದಿಂದಲೇ ಬೆಂಕಿ ತಗುಲಿದಂತೆ ಕಾಣುತ್ತದೆ. ಅದಕ್ಕೆ ಬಿಡುವ ಗೋನಿಯೋಜಸ್ ಎಂಬ ಪರೋಪಜೀವಿಯ ಸ್ವಭಾವ ಬಹಳ ಸೊಗಸು. ಹೆಣ್ಣು ಕಣಜ ಗರಿಯ ಹಿಂಬದಿಯ ಜಾಲದೊಳಗೆ ನುಗ್ಗಿ, ಹುಳುವನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆ ಇಟ್ಟು, ಮರಿಗಳು ಬಲಿಯುವವರೆಗೆ ಕೋಳಿಯಂತೆ ಕಾವಲು ಕೂರುತ್ತದೆ. ಇದನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವುದು ಅಕ್ಕಿ ಪತಂಗದ ಹುಳುಗಳ ಮೇಲೆ. ಹಾಗೆ ಬೆಳೆದದ್ದಕ್ಕೆ ತೆಂಗಿನ ಹುಳುವಿನ ವಾಸನೆಯೇ ಗೊತ್ತಿರುವುದಿಲ್ಲ. ಅದಕ್ಕಾಗಿಯೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ಬಿಡುವ ಮೊದಲು ಕಣಜಗಳಿಗೆ ಜೇನು ಉಣಿಸಿ, ಕಪ್ಪುತಲೆ ಹುಳುವಿನ ಹಿಕ್ಕೆ-ಜಾಲದ ವಾಸನೆ ತೋರಿಸಿ ಕಳಿಸಿ ಎನ್ನುತ್ತಾರೆ. ಹೊಟ್ಟೆಗೆ ಹಾಕಿ, ಪಾಠ ಹೇಳಿ ಕಳಿಸುವ ಈ ಕ್ರಮ ಎಷ್ಟು ಕಡೆ ನಡೆಯುತ್ತಿದೆ? ಪರೋಪಜೀವಿ ತಂದ ರೈತರು ಇದನ್ನು ಒಮ್ಮೆ ಕೇಳಬೇಕು.

ಒಂದು ತೋಟದಲ್ಲಿ ರೈತರು ನನಗೆ ಹೇಳಿದ ಮಾತು ಇದು: “ಸ್ವಾಮಿ, ನೀವು ಹೇಳಿದಂಗೆ ಮರಕ್ಕೆ ಹತ್ತಿಪ್ಪತ್ತು ಬಿಟ್ವಿ. ತಿಂಗಳಾದ್ರೂ ಗರಿ ಸುಟ್ಟಂಗೇ ಐತೆ. ಕೊಳವೆಯಿಂದ ಈಚೆಗೆ ಬಂದವು ಕಾಂಡದ ಮೇಲೇ ಕೂತಿದ್ವು, ಹಾರಲೇ ಇಲ್ಲ.” ಅವರ ಕೊಳವೆಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಸಂಖ್ಯೆ ಒಂದೇ. ಎಂದು ಹೊರಬಂದವು, ಏನು ತಿಂದಿದ್ದವು, ಯಾವ ಮೂಲದವು, ಒಂದೂ ಇರಲಿಲ್ಲ. ಆ ರೈತರು ಮರುವಾರ ಬೇರಿಗೆ ಔಷಧಿ ಕಟ್ಟಿಸಿದರು. ಔಷಧಿ ಕಟ್ಟಿದ ಮರದ ಕಾಯಿಯನ್ನು ಒಂದೂವರೆ ತಿಂಗಳು ಮುಟ್ಟುವಂತಿಲ್ಲ. ಆ ಬಾಬ್ತಿನ ನಷ್ಟ ಬೇರೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ಊರಿನಲ್ಲಿ ಇನ್ನು ಐದು ವರ್ಷ ಮಿತ್ರಕೀಟದ ಮಾತೆತ್ತಿದರೆ ಜನ ನಗುತ್ತಾರೆ. ಒಳ್ಳೆಯ ತಳಿಯ ಹುಳ ಬಂದರೂ ಕೊಳ್ಳುವವರಿಲ್ಲ.

ಹಾಗಾದರೆ ಹುಳಗಳಲ್ಲಿ ನಮಗೆ ಬೇಕಾದ ಗುಣ ತರಲು ಸಾಧ್ಯವೇ? ಸಾಧ್ಯವೆಂದು ನಮ್ಮ ಬೆಂಗಳೂರಿನಲ್ಲಿಯೇ ತೋರಿಸಿದ್ದಾರೆ. 1957ರಲ್ಲಿ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ಹತೋಟಿ ಸಂಸ್ಥೆಯ ಭಾರತೀಯ ಕೇಂದ್ರ ಶುರುವಾಯಿತು. 1977ರಲ್ಲಿ ಅಖಿಲ ಭಾರತ ಜೈವಿಕ ಹತೋಟಿ ಯೋಜನೆ ಬಂತು. 1993ರಲ್ಲಿ ಅದು ಯೋಜನಾ ನಿರ್ದೇಶನಾಲಯವಾಯಿತು. ಇಂದು ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅದೇ ಪರಂಪರೆಯದು. ಈ ನಿರ್ದೇಶನಾಲಯದ ವಿಜ್ಞಾನಿಗಳು 1990ರ ದಶಕದಲ್ಲಿ ಎಂಡೋಸಲ್ಫಾನ್ ತಾಳಿಕೊಳ್ಳುವ ಟ್ರೈಕೋಗ್ರಾಮ ತಳಿಯನ್ನು ಸಿದ್ಧಪಡಿಸಿದರು. ಅದಕ್ಕೆ ‘ಎಂಡೋಗ್ರಾಮ್’ ಎಂದು ಹೆಸರಾಯಿತು.

ಮಾಡಿದ್ದು ಹೇಗೆಂದರೆ, ಕಣಜಗಳಿಗೆ ಮೊದಲು ಅತಿ ಸಣ್ಣ ಪ್ರಮಾಣದ ವಿಷ ತಾಗಿಸುವುದು. ಬಹಳಷ್ಟು ಸಾಯುತ್ತವೆ. ಉಳಿದವುಗಳ ಸಂತಾನಕ್ಕೆ ಇನ್ನೊಂದಿಷ್ಟು ಹೆಚ್ಚು ವಿಷ. ಮತ್ತೆ ಉಳಿದವನ್ನು ಬೆಳೆಸುವುದು. ಹೀಗೆ ತಲೆಮಾರಿನ ಮೇಲೆ ತಲೆಮಾರು, ಹೊಲದಲ್ಲಿ ಸಿಂಪಡಿಸುವ ಮಟ್ಟದ ಔಷಧಿಗೂ ಬದುಕುಳಿಯುವವರೆಗೆ. ಕಾಯಿಕೊರಕ ಹುಳು ನಮ್ಮ ಔಷಧಿಗಳಿಗೆ ಜಗ್ಗದಂತಾದದ್ದೂ ಇದೇ ದಾರಿಯಲ್ಲಿ. ವ್ಯತ್ಯಾಸವೆಂದರೆ ಅದನ್ನು ನಾವೇ ಗೊತ್ತಿಲ್ಲದೆ ಹೊಲದಲ್ಲಿ ಮಾಡಿಕೊಟ್ಟೆವು. ಮುಂದೆ ಎಂಡೋಸಲ್ಫಾನ್, ಮೋನೊಕ್ರೊಟೊಫಾಸ್, ಫೆನ್‌ವಲರೇಟ್ ಮೂರನ್ನೂ ತಾಳುವ ತಳಿ ಬಂತು. ಹೇನು ತಿನ್ನುವ ಹಸಿರು ಜಾಲರೆಕ್ಕೆ ಕೀಟದಲ್ಲಿಯೂ ಔಷಧಿ ತಾಳುವ ತಳಿ ಬಂತು.

ಆಗಿನ ವಿಚಾರವೂ ತಪ್ಪಾಗಿರಲಿಲ್ಲ. ರೈತ ಒಮ್ಮೆಗೇ ಸಿಂಪಡಣೆ ಬಿಡುವುದಿಲ್ಲ; ಪಕ್ಕದ ಹೊಲದವನಂತೂ ಬಿಡುವುದೇ ಇಲ್ಲ. ಗಾಳಿಗೆ ತೇಲಿ ಬಂದ ಔಷಧಿಗೆ ಕಣಜ ಸತ್ತರೆ ಬಿಟ್ಟದ್ದೆಲ್ಲ ದಂಡ. ಆದ್ದರಿಂದ ಔಷಧಿಯ ನಡುವೆಯೂ ಬದುಕುವ ಕಣಜ ಇರಲಿ ಎಂದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರ್ಜರಿ ಹಾಯ್ ಎಂಬ ಕೀಟವಿಜ್ಞಾನಿ 1970ರ ದಶಕದ ಕೊನೆಯಲ್ಲಿ ಇದೇ ದಾರಿ ಹಿಡಿದು ಗೆದ್ದಿದ್ದರು. ಅಲ್ಲಿನ ಬಾದಾಮಿ ತೋಟಗಳಲ್ಲಿ ಎಲೆಯ ರಸ ಹೀರುವ ನುಸಿಯನ್ನು ತಿನ್ನುವ ಇನ್ನೊಂದು ನುಸಿ ಇತ್ತು. ಬೇರೆ ಹುಳುವಿಗೆಂದು ಹೊಡೆದ ಔಷಧಿಗೆ ಈ ಮಿತ್ರನುಸಿಯೇ ಸಾಯುತ್ತಿತ್ತು. ಅವರು ಕಾರ್ಬರಿಲ್ ತಾಳುವ ತಳಿಯನ್ನು ಆಯ್ಕೆಯಿಂದ ಪಡೆದು, ಮೊದಲೇ ಇನ್ನೊಂದು ಬಗೆಯ ವಿಷಕ್ಕೆ ಒಗ್ಗಿಕೊಂಡಿದ್ದ ನುಸಿಗಳೊಡನೆ ಕೂಡಿಸಿ, ತೋಟಗಳಿಗೆ ಬಿಟ್ಟರು. ಅದು ನೆಲೆನಿಂತಿತು. ನುಸಿಯ ಔಷಧಿಯ ಖರ್ಚು ಅಲ್ಲಿನ ಬೆಳೆಗಾರರಿಗೆ ಇಳಿಯಿತು.

ನಮ್ಮಲ್ಲಿ ಕಥೆ ಬೇರೆಯಾಯಿತು. ಕಾಸರಗೋಡಿನ ಗೇರು ತೋಟಗಳಲ್ಲಿ, ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮಕ್ಕಳನ್ನು ಏನು ಮಾಡಿತೆಂಬುದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೆಲ್ಲ ತಡೆ ಹಾಕಿತು. ಒಳ್ಳೆಯದೇ ಆಯಿತು, ಇನ್ನೂ ಮೊದಲೇ ಆಗಬೇಕಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಮೋನೊಕ್ರೊಟೊಫಾಸಿನ 36 ಎಸ್.ಎಲ್. ರೂಪಕ್ಕೂ ನಿಷೇಧ ಹಾಕಿತು. ವರ್ಷಗಟ್ಟಲೆ ದುಡಿದು ಯಾವ ವಿಷವನ್ನು ತಾಳಲೆಂದು ಕಣಜವನ್ನು ತಿದ್ದಿದೆವೋ ಆ ವಿಷವೇ ಅಂಗಡಿಯಿಂದ ಹೋಯಿತು. ತಳಿಯ ವಿಶೇಷ ಗುಣಕ್ಕೆ ಕೆಲಸವಿಲ್ಲದಂತಾಯಿತು.

ನನ್ನ ಅಭಿಪ್ರಾಯ ಇದು. ಆ ವಿಜ್ಞಾನಿಗಳ ಶ್ರಮ ವ್ಯರ್ಥವಾಗಿಲ್ಲ. ನಮ್ಮ ನೆಲದಲ್ಲಿ, ನಮ್ಮ ಜನರ ಕೈಯಲ್ಲಿ, ವಿದೇಶಿ ಯಂತ್ರವಿಲ್ಲದೆ ಹುಳದ ಗುಣ ತಿದ್ದಬಹುದೆಂದು ಅವರು ತೋರಿಸಿಕೊಟ್ಟರು. ಆದರೆ ಗುರಿಯನ್ನು ಔಷಧಿ ಬಾಟಲಿಗೆ ಕಟ್ಟಿಹಾಕಬಾರದು. ಬಾಟಲಿ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ. ಅದರ ಹಿಂದೆ ಓಡುವ ಕಣಜ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ. ಅಲ್ಲದೆ ‘ನಮ್ಮ ಹುಳ ಔಷಧಿಗೂ ಸಾಯುವುದಿಲ್ಲ’ ಎಂದ ಮೇಲೆ ಸಿಂಪಡಣೆ ಕಡಿಮೆ ಮಾಡಿ ಎಂದು ರೈತನಿಗೆ ಯಾವ ಬಾಯಿಂದ ಹೇಳುವುದು?

ಬಿಸಿಲು ಮಾತ್ರ ಬದಲಾಗುವುದಿಲ್ಲ. ಬದಲಾದರೆ ಏರುತ್ತದೆ, ಇಳಿಯುವುದಿಲ್ಲ. ಕಬ್ಬಿನ ಎಳೆ ಸುಳಿಗೆ ಕೊರಕ ಜೋರಾಗಿ ಬೀಳುವುದು ಮಾರ್ಚಿಯಿಂದ ಮೇವರೆಗಿನ ಸೆಖೆಯಲ್ಲಿ. ರಾಯಚೂರು, ಕಲಬುರಗಿ ಕಡೆ ಆಗ 40 ಡಿಗ್ರಿ ದಾಟುತ್ತದೆ. ತಂಪು ಕೋಣೆಯಲ್ಲಿ 25-26 ಡಿಗ್ರಿಯಲ್ಲಿ ಬೆಳೆದ ಕಣಜವನ್ನು ಅಲ್ಲಿಗೆ ಕಳಿಸುವುದೆಂದರೆ ಮಡಿಕೇರಿಯ ಕರುವನ್ನು ಸಿಂಧನೂರಿನ ಬೇಸಿಗೆಗೆ ಕಟ್ಟಿದಂತೆ. ಹೆಚ್ಚು ಉಷ್ಣತೆ ತಾಳುವ ಟ್ರೈಕೋಗ್ರಾಮ ತಳಿಯ ಕೆಲಸವನ್ನೂ ಬೆಂಗಳೂರಿನವರು ಮಾಡಿದ್ದಾರೆ. ಅಂಥದು ಬಿಸಿಲು ನಾಡಿನ ಪ್ರತಿ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಗೂ ಮುಟ್ಟಬೇಕು. ವಿಷ ತಾಳುವ ತಳಿಗೆ ಕೊಟ್ಟ ಉತ್ಸಾಹದ ಅರ್ಧದಷ್ಟು ಇದಕ್ಕೆ ಸಿಕ್ಕರೂ ಸಾಕು.

ಮುಸುಕಿನ ಜೋಳದ ಸೈನಿಕ ಹುಳುವಿನದು ಇನ್ನೊಂದು ಉದಾಹರಣೆ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದಲ್ಲಿ. ಇದರ ಪತಂಗ ಮೊಟ್ಟೆಗಳನ್ನು ಒಂದರ ಮೇಲೊಂದು ಪದರವಾಗಿಟ್ಟು ಮೇಲೆ ಕೂದಲು ಹೊದಿಸುತ್ತದೆ. ಟ್ರೈಕೋಗ್ರಾಮಕ್ಕೆ ಮೇಲಿನ ಪದರ ಸಿಕ್ಕೀತು, ಒಳಗಿನದು ಕಷ್ಟ. ಟೆಲಿನೋಮಸ್ ಎಂಬ ಇನ್ನೊಂದು ಸಣ್ಣ ಕಣಜ ಒಳಪದರಕ್ಕೂ ನುಗ್ಗುತ್ತದೆ. ಅದು ನಮ್ಮ ಹೊಲಗಳಲ್ಲೇ ಇದೆ. ದಾವಣಗೆರೆ, ಹಾವೇರಿ, ಶಿವಮೊಗ್ಗದ ಹೊಲಗಳಿಂದ ಬೇರೆ ಬೇರೆಯಾಗಿ ಸಂಗ್ರಹಿಸಿ, ಯಾವುದು ಹೆಚ್ಚು ಆಳಕ್ಕೆ ಹೋಗುತ್ತದೆ, ಯಾವುದು ಹೆಚ್ಚು ದಿನ ಬದುಕುತ್ತದೆ ಎಂದು ಹೋಲಿಸಿ ಆರಿಸಿದರೆ, ಅದೇ ತಳಿ ಅಭಿವೃದ್ಧಿ. ದೊಡ್ಡ ಮಾತೇನಲ್ಲ. ನಾಟಿ ರಾಗಿಯಲ್ಲಿ ದಪ್ಪ ತೆನೆ ಆರಿಸಿ ಬಿತ್ತನೆಗೆ ಎತ್ತಿಡುತ್ತಿದ್ದ ಅಜ್ಜಿ ಮಾಡಿದ್ದೂ ಅದನ್ನೇ.

ಬೇಕಾದ ಗುಣ ಯಾವುದೆಂಬುದನ್ನು ಹೊಲ ನೋಡಿ ನಿರ್ಧರಿಸಬೇಕು. ಗುಲಗಂಜಿ ಹುಳುಗಳನ್ನು ಹೇನಿನ ಮೇಲೆ ಬಿಟ್ಟರೆ ಮರುದಿನ ಅರ್ಧಕ್ಕರ್ಧ ಪಕ್ಕದವನ ಹೊಲದಲ್ಲಿರುತ್ತವೆ. ಖರ್ಚು ನಮ್ಮದು, ಲಾಭ ಅವನದು. ಫ್ರಾನ್ಸಿನಲ್ಲಿ, ಜಪಾನಿನಲ್ಲಿ ಈ ಕಷ್ಟಕ್ಕೆ ಉಪಾಯ ಕಂಡರು. ಹಾರಲಾರದ ಗುಲಗಂಜಿ ಹುಳುಗಳನ್ನೇ ಆರಿಸಿ ಆರಿಸಿ ಬೆಳೆಸಿ, ಬಿಟ್ಟ ಗಿಡದಲ್ಲೇ ನಿಂತು ತಿನ್ನುವ ತಳಿ ಮಾಡಿದರು. ಹಾರಲಾರದ ಹುಳವೂ ಒಂದು ಸುಧಾರಿತ ತಳಿಯೇ! ಹಸಿರುಮನೆಯಲ್ಲಿ ದೊಣ್ಣೆ ಮೆಣಸು ಬೆಳೆಯುವ ನಮ್ಮವರಿಗೆ ಇಂಥದು ಒಗ್ಗಬಹುದು. ಇಪ್ಪತ್ತು ಎಕರೆ ಕಬ್ಬಿಗೆ ಇದು ಸಲ್ಲದು; ಅಲ್ಲಿ ನಡೆಯಬೇಕು, ಹಾರಬೇಕು, ಹುಡುಕಬೇಕು.

ಎಲ್ಲದಕ್ಕೂ ತಳಿ ತಿದ್ದಬೇಕೆಂದು ನಾನು ಹೇಳುತ್ತಿಲ್ಲ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಪರಂಗಿಯ ಹಿಟ್ಟು ತಿಗಣೆ ನಮ್ಮ ಪರಂಗಿ, ಹಿಪ್ಪುನೇರಳೆಗಳನ್ನೆಲ್ಲ ಬಿಳಿ ಮಾಡಿಬಿಟ್ಟಿತ್ತು. 2010ರಲ್ಲಿ ಪೋರ್ಟೊರಿಕೊದಿಂದ ಅದರ ಸಹಜ ಶತ್ರುವಾದ ಸಣ್ಣ ಕಣಜಗಳನ್ನು ಬೆಂಗಳೂರಿಗೆ ತರಿಸಿ, ಪರೀಕ್ಷಿಸಿ, ಬೆಳೆಸಿ ಬಿಟ್ಟರು. ಅಸೆರೋಫಾಗಸ್ ಎಂಬ ಕಣಜ ಅದನ್ನು ಹತೋಟಿಗೆ ತಂದಿತು. ಅಲ್ಲಿ ತಿದ್ದುವ ಅಗತ್ಯವೇ ಬೀಳಲಿಲ್ಲ. ಹೊರಗಿನಿಂದ ಬಂದ ಪೀಡೆಗೆ ಅದರ ಊರಿನ ಶತ್ರು ಸಿಕ್ಕರೆ ಮೊದಲು ಅದನ್ನೇ ತರಬೇಕು. ವರ್ಷವರ್ಷವೂ ಸಾಕಿ ಸಾಕಿ ಬಿಡಬೇಕಾದ ಮಿತ್ರಕೀಟಗಳ ವಿಷಯದಲ್ಲಿ ಮಾತ್ರ ತಳಿಯ ಪ್ರಶ್ನೆ ದೊಡ್ಡದು.

‘ತಳಿ ತಿದ್ದಿದ ಹುಳ ಊರಿಗೆ ಅಪಾಯ ತಂದೀತೇ?’ ಎಂದು ಒಂದು ಸಭೆಯಲ್ಲಿ ಯುವಕರೊಬ್ಬರು ಕೇಳಿದ್ದರು. ಒಳ್ಳೆಯ ಪ್ರಶ್ನೆ. ಆರಿಸಿ ಬೆಳೆಸುವುದೇ ಬೇರೆ, ಹೊರಗಿನ ವಂಶವಾಹಿ ಸೇರಿಸುವುದೇ ಬೇರೆ. ಎರಡನೆಯದರ ಪ್ರಯೋಗವೂ ನಡೆದಿದೆ. 1996ರಲ್ಲಿ ಅದೇ ಮಾರ್ಜರಿ ಹಾಯ್ ಫ್ಲಾರಿಡಾದಲ್ಲಿ ಅಂಥ ಮಿತ್ರನುಸಿಯನ್ನು ಬಿಗಿ ನಿಬಂಧನೆಗಳಡಿ ಸಣ್ಣ ಪ್ರಮಾಣದಲ್ಲಿ ಹೊರಗೆ ಬಿಟ್ಟು ನೋಡಿದರು. ನಮಗೆ ಈಗ ಬೇಕಾಗಿರುವುದು ಅದಲ್ಲ. ನಮ್ಮ ಹೊಲದ್ದೇ ಕಣಜಗಳಲ್ಲಿ ಗಟ್ಟಿಯಾದವನ್ನು ಆರಿಸುವುದಷ್ಟೇ. ಅಂಥವು ಹೊಲದ ಕಾಡುಕಣಜಗಳೊಡನೆ ಬೆರೆತು ನಾಲ್ಕಾರು ತಲೆಮಾರಿನಲ್ಲಿ ಆ ವಿಶೇಷ ಗುಣ ತೆಳುವಾಗಬಹುದು. ಅದಕ್ಕಾಗಿಯೇ ಪ್ರತಿ ಹಂಗಾಮಿಗೂ ಹೊಸದಾಗಿ ಬಿಡಬೇಕಾಗುತ್ತದೆ.

ಕಾನೂನಿನ ಕಡೆ ಬರೋಣ. ಬಿತ್ತನೆ ಬೀಜಕ್ಕೆ 1966ರ ಬೀಜ ಕಾಯ್ದೆ ಇದೆ. ಚೀಲದ ಮೇಲೆ ಮೊಳಕೆ ಪ್ರಮಾಣ, ಪರೀಕ್ಷೆಯ ತಾರೀಖು ಇರುತ್ತದೆ. ಔಷಧಿಗೆ 1968ರ ಕೀಟನಾಶಕ ಕಾಯ್ದೆ ಇದೆ, ಟ್ರೈಕೋಡರ್ಮ, ಎನ್.ಪಿ.ವಿ.ಯಂಥ ಸೂಕ್ಷ್ಮಜೀವಿ ಔಷಧಿಗಳೂ ಅದರಡಿ ನೋಂದಣಿಯಾಗಬೇಕು. ಪರೋಪಜೀವಿ, ಪರಭಕ್ಷಕ ಕೀಟಗಳಿಗೆ ಆ ನೋಂದಣಿಯ ಕಟ್ಟಿಲ್ಲ. ಸಣ್ಣ ಪ್ರಯೋಗಶಾಲೆಗಳಿಗೆ ತೊಡಕಾಗದಿರಲಿ ಎಂಬುದು ಸರಿಯೇ. ನಾನೂ ಹೊಸ ಲೈಸೆನ್ಸು, ಹೊಸ ಇನ್‌ಸ್ಪೆಕ್ಟರು ಬೇಕೆನ್ನುವವನಲ್ಲ. ಕಾಗದ ಹೆಚ್ಚಿದರೆ ಹುಳ ಕಡಿಮೆಯಾಗುತ್ತದೆ. ಆದರೆ ಕಾರ್ಡಿನ ಬೆನ್ನಿಗೆ ನಾಲ್ಕು ಸಾಲು ಬರೆಯಲು ಯಾರ ಅಪ್ಪಣೆ ಬೇಕು? ಯಾವ ಜಾತಿ, ಯಾವ ಮೂಲದ ತಳಿ. ಹೊಲದಿಂದ ಹೊಸ ಕಣಜ ತಂದು ಬೆರೆಸಿದ್ದು ಯಾವ ತಿಂಗಳು. ಕಾರ್ಡು ತಯಾರಾದ ತಾರೀಖು. ಕಣಜ ಹೊರಬರುವ ದಿನ. ಪ್ರಯೋಗಶಾಲೆಯ ವಾರ್ಷಿಕ ವರದಿಯಲ್ಲಿ ‘ಇಷ್ಟು ಲಕ್ಷ ಪರೋಪಜೀವಿ ಉತ್ಪಾದನೆ’ ಎಂಬ ಸಾಲಿನ ಕೆಳಗೆ ‘ನೂರಕ್ಕೆ ಇಷ್ಟು ಹೊರಬಂದವು, ಅದರಲ್ಲಿ ಇಷ್ಟು ಹೆಣ್ಣು’ ಎಂಬ ಇನ್ನೊಂದು ಸಾಲು ಬರಲಿ. ಲಕ್ಷದ ಗುರಿ ಕೊಟ್ಟು ಲಕ್ಷವನ್ನೇ ಕೇಳುತ್ತಿದ್ದರೆ ಕೆಳಗಿನವರು ಲಕ್ಷವನ್ನೇ ಕೊಡುತ್ತಾರೆ. ನಾನೂ ಇಲಾಖೆಯಲ್ಲೇ ಇರುವವನಾದ್ದರಿಂದ ಈ ಮಾತು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಲ್ಲಿಯವರೆಗೆ ರೈತ ಬಾಂಧವರು ಕೈಕಟ್ಟಿ ಕೂರಬೇಕಿಲ್ಲ. ಕಾರ್ಡು ತಂದ ದಿನ ಅದರ ಒಂದು ಮೂಲೆಯಿಂದ ಹೆಬ್ಬೆರಳ ಉಗುರಿನಷ್ಟು ತುಂಡು ಕತ್ತರಿಸಿ. ಅದರಲ್ಲಿ ಸುಮಾರು ನೂರು ಮೊಟ್ಟೆಗಳಿರುತ್ತವೆ. ಶಾಲೆಯ ಮಕ್ಕಳ ಭೂತಗನ್ನಡಿ ಸಾಕು. ಕಪ್ಪಾದವು ಎಷ್ಟು, ಬಿಳಿಯಾಗೇ ಉಳಿದವು ಎಷ್ಟು ಎಣಿಸಿ. ಆ ತುಂಡನ್ನು ಒಣಗಿದ ಗಾಜಿನ ಸೀಸೆಯಲ್ಲಿ ಹಾಕಿ, ಬಾಯಿಗೆ ಹತ್ತಿ ತುರುಕಿ, ನೆರಳಿನಲ್ಲಿಡಿ. ಕಣಜ ಹೊರಬಂದ ದಿನ ಸೀಸೆಯ ಅರ್ಧಭಾಗಕ್ಕೆ ಕಪ್ಪು ಕಾಗದ ಸುತ್ತಿ. ಗಟ್ಟಿ ಕಣಜಗಳಾದರೆ ಸ್ವಲ್ಪ ಹೊತ್ತಿನಲ್ಲೇ ಬೆಳಕಿನ ಕಡೆ ಸೇರುತ್ತವೆ. ತಳದಲ್ಲೇ ತೆವಳುವವು, ರೆಕ್ಕೆ ಮುದುಡಿದವು ಹೆಚ್ಚಿದ್ದರೆ ಅನುಮಾನ ಪಡಿ. ಮೂರನೆಯ ದಿನ ತೂತು ಬಿದ್ದ ಮೊಟ್ಟೆಗಳನ್ನು ಎಣಿಸಿ. ನನ್ನ ಮಟ್ಟಿಗೆ ನೂರಕ್ಕೆ 80 ಹೊರಬರದ ಕಾರ್ಡನ್ನು ಕಾರ್ಡೆಂದು ಕರೆಯಲಾಗದು.

ಉಳಿದ ಕಾರ್ಡನ್ನು ಬಿಸಿಲೇರುವ ಮುನ್ನ ಅಥವಾ ಸಂಜೆ, ಎಲೆಯ ಕೆಳಬದಿಗೆ ಪಿನ್ನು ಹೊಡೆದು ಸಿಕ್ಕಿಸಿ. ಇರುವೆ ಸಾಲು ಇರುವ ಕಡೆ ಬೇಡ. ಕಾರ್ಡು ಕಟ್ಟುವ ಹಿಂದಿನ ವಾರ, ಮುಂದಿನ ವಾರ ಸಿಂಪಡಣೆ ಬೇಡ. ಇಷ್ಟೆಲ್ಲ ಸರಿಯಾಗಿ ಮಾಡಿಯೂ ಸುಳಿ ಒಣಗಿದರೆ ಆಗ ಕಾರ್ಡಿನ ಕಡೆ ಬೆರಳು ತೋರಿಸುವ ಹಕ್ಕು ನಿಮಗಿದೆ. ಬಿಸಿಲಿನಲ್ಲಿ ಸೈಕಲ್ ಬುಟ್ಟಿಯಲ್ಲಿಟ್ಟು ಅರ್ಧ ದಿನ ಸುತ್ತಾಡಿಸಿ ತಂದು, ಆಮೇಲೆ ಹುಳ ಸರಿಯಿಲ್ಲ ಎನ್ನುವವರನ್ನೂ ನಾನು ನೋಡಿದ್ದೇನೆ.

ಸೀಸೆಯ ಲೆಕ್ಕವನ್ನು ವಾಚನಾಲಯದಲ್ಲಿ ಒಂದು ನೋಟು ಪುಸ್ತಕದಲ್ಲಿ ಬರೆದಿಡಿ: ತಂದ ದಿನ, ಎಲ್ಲಿಂದ ತಂದದ್ದು, ನೂರಕ್ಕೆ ಎಷ್ಟು ಕಪ್ಪು, ಎಷ್ಟು ಹೊರಬಂದವು, ಒಂದು ತಿಂಗಳ ಮೇಲೆ ಗದ್ದೆಯಲ್ಲಿ ಒಣಗಿದ ಸುಳಿ ಎಷ್ಟು. ಒಬ್ಬರ ಲೆಕ್ಕವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹತ್ತು ಜನರದಾದರೆ ಕಾರ್ಖಾನೆಯವರೂ ಇಲಾಖೆಯವರೂ ಕೇಳಲೇಬೇಕಾಗುತ್ತದೆ. ಹೊಸ ನಾಟಿ ಕಬ್ಬಿಗೂ ಕುಳೆಗೂ ಮೊದಲ ಕಾರ್ಡು ಕಟ್ಟುವ ಹೊತ್ತಿಗೆ ಪುಸ್ತಕದ ಮೊದಲ ಪುಟಕ್ಕೆ ಗೆರೆ ಹಾಕಿಟ್ಟಿರಿ. ರೈತ ಸಂಪರ್ಕ ಕೇಂದ್ರಕ್ಕೆ ಬರುವಾಗ ಅದನ್ನೂ ಜೊತೆಗೆ ತನ್ನಿ.